ಸಾವಿರ ಬಂದೂಕು, ಒಂದು ಸರ್ವರ್

2015ರ ಜನವರಿ 24ರಂದು 1,158 ಮಂದಿ ಒಂದೇ ರಣರಂಗದಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು. ಯಾರಿಗೂ ಗಾಯವಾಗಲಿಲ್ಲ. ರಣರಂಗ ಇದ್ದದ್ದು ಔರಾಕ್ಸಿಸ್ ಎಂಬ ಕಲ್ಪಿತ ಗ್ರಹದ ಮೇಲೆ. ಕಾದಾಡಿದವರು ತಂತಮ್ಮ ಕಂಪ್ಯೂಟರಿನ ಮುಂದೆ ಕುಳಿತಿದ್ದವರು. ‘ಪ್ಲಾನೆಟ್‌ಸೈಡ್ 2’ ಎಂಬ ಆಟದ ಈ ಕದನವನ್ನು ಗಿನ್ನೆಸ್ ಸಂಸ್ಥೆ ಫಸ್ಟ್ ಪರ್ಸನ್ ಶೂಟರ್, ಅಂದರೆ ಪಾತ್ರದ ಕಣ್ಣಿಂದಲೇ ನೋಡುತ್ತ ಗುಂಡು ಹಾರಿಸುವ ಆಟಗಳಲ್ಲೇ ಅತಿ ದೊಡ್ಡದೆಂದು ದಾಖಲಿಸಿತು. ಅದಕ್ಕೂ ಹಿಂದಿನ ದಾಖಲೆ 999 ಜನರದು. 2012ರಲ್ಲಿ ಸ್ವೀಡನ್ನಿನ ಸಣ್ಣ ಕಂಪನಿಯೊಂದು ‘ಮ್ಯಾನ್ ವರ್ಸಸ್ ಮೆಷಿನ್’ ಎಂಬ ಪ್ರಯೋಗದಲ್ಲಿ ಅಷ್ಟು ಜನರನ್ನು ಒಟ್ಟುಗೂಡಿಸಿತ್ತು.

ಕ್ರಿಕೆಟ್ ಮೈದಾನದಲ್ಲಿ ಐವತ್ತು ಸಾವಿರ ಜನ ಸೇರುವ ಕಾಲದಲ್ಲಿ ಸಾವಿರದ ನೂರೈವತ್ತೆಂಟು ಯಾವ ಮಹಾ ಸಂಖ್ಯೆ ಎಂದು ಕೇಳಬಹುದು. ನಮ್ಮ ಹುಡುಗರು ಬಸ್ಸಿನಲ್ಲೂ ಹಾಸ್ಟೆಲಿನಲ್ಲೂ ಆಡುವ ಬಿಜಿಎಂಐ, ಅದಕ್ಕೂ ಮುಂಚಿನ ಪಬ್ಜಿ, ಒಂದು ದ್ವೀಪಕ್ಕೆ ನೂರು ಜನರನ್ನು ಇಳಿಸುತ್ತವೆ. ಇಳಿದ ಕೆಲವೇ ನಿಮಿಷಗಳಲ್ಲಿ ಆ ನೂರು ಅರವತ್ತಾಗಿ, ನಲವತ್ತಾಗಿ ಕರಗುತ್ತದೆ. ಉಳಿದವರು ಕಿಲೋಮೀಟರ್‌ಗಟ್ಟಲೆ ದೂರದಲ್ಲಿ ಹುಲ್ಲಿನೊಳಗೆ ಮಲಗಿರುತ್ತಾರೆ. ಒಂದು ಹೊತ್ತಿಗೆ ನಿಮ್ಮ ಕಣ್ಣಿಗೆ ಬೀಳುವವರು ನಾಲ್ಕೋ ಐದೋ ಮಂದಿ. ಪ್ಲಾನೆಟ್‌ಸೈಡಿನ ಕಥೆ ಹಾಗಲ್ಲ. ಅಲ್ಲಿ ಪಂದ್ಯ ಮುಗಿಯುವುದೇ ಇಲ್ಲ. ಕೆಂಪು, ನೀಲಿ, ನೇರಳೆ ಬಣ್ಣದ ಮೂರು ಪಕ್ಷಗಳು ಹಗಲಿರುಳು ಕಾದಾಡುತ್ತಲೇ ಇರುತ್ತವೆ, ಸತ್ತವರು ಕ್ಷಣಗಳಲ್ಲಿ ಎದ್ದು ಬರುತ್ತಾರೆ, ಒಂದು ಕೋಟೆಯ ಸುತ್ತ ಇನ್ನೂರು ಮುನ್ನೂರು ಜನ ನೆರೆಯುವುದು ಅಲ್ಲಿ ದಿನನಿತ್ಯದ ಸಂಗತಿ. 2003ರಲ್ಲಿ ಬಂದ ಮೊದಲ ಪ್ಲಾನೆಟ್‌ಸೈಡ್ ಇದೇ ಕನಸಿನ ಕಚ್ಚಾ ರೂಪ. 2012ರ ನವೆಂಬರ್ 20ರಂದು ಬಿಡುಗಡೆಯಾದ ಎರಡನೆಯದು ಅದರ ದೊಡ್ಡ ಅವತಾರ. ಇಂಥ ಆಟಗಳು ಮಕ್ಕಳನ್ನು ಕೆಡಿಸುತ್ತವೆಯೇ ಎಂಬ ಚರ್ಚೆ ಬೇರೆ. ಅದಕ್ಕೆ ಇಲ್ಲಿ ಜಾಗವಿಲ್ಲ. ನನ್ನ ಕುತೂಹಲವೆಲ್ಲ ಆ ಜಂಗುಳಿಯ ಗಣಿತದ ಮೇಲೆ.

ಆ ಗಣಿತ ಶುರುವಾಗುವುದು ಮದುವೆ ಮನೆಯ ನಮಸ್ಕಾರದಂಥ ಲೆಕ್ಕದಿಂದ. ಬಂದವರೆಲ್ಲ ಇದ್ದವರೆಲ್ಲರಿಗೂ ಕೈಮುಗಿಯಬೇಕೆಂದರೆ ಹತ್ತು ಜನರಿದ್ದಾಗ ತೊಂಬತ್ತು ನಮಸ್ಕಾರ, ನೂರು ಜನರಿದ್ದಾಗ 9,900. ಆಟದಲ್ಲಿ ನಮಸ್ಕಾರದ ಜಾಗದಲ್ಲಿರುವುದು ಸುದ್ದಿ: ನಾನೀಗ ಎಲ್ಲಿದ್ದೇನೆ, ಎತ್ತ ತಿರುಗಿದ್ದೇನೆ, ಗುಂಡು ಹಾರಿಸಿದೆನೋ ಇಲ್ಲವೋ. ಪ್ರತಿಯೊಬ್ಬನ ಈ ಸುದ್ದಿ ಸರ್ವರಿನ ಮೂಲಕ ಉಳಿದೆಲ್ಲರಿಗೂ ಮುಟ್ಟಬೇಕು. 64 ಜನರ ಆಟದಲ್ಲಿ ಒಂದು ಸುತ್ತಿಗೆ 4,032 ಸುದ್ದಿ ಸಾಕು. ಜನ ಇಮ್ಮಡಿಯಾಗಿ 128 ಆದರೆ ಸುದ್ದಿ ಇಮ್ಮಡಿಯಲ್ಲ, ನಾಲ್ಕು ಪಟ್ಟು: 16,256. 1,158 ಜನಕ್ಕೆ ಬಂದಾಗ ಅದು 13,39,806. ಸೆಕೆಂಡಿಗೆ ಇಪ್ಪತ್ತು ಸಲ ಈ ಸುತ್ತು ನಡೆಯುತ್ತದೆ ಎಂದಿಟ್ಟುಕೊಂಡರೆ ಪ್ರತಿ ಸೆಕೆಂಡಿಗೆ ಹೆಚ್ಚುಕಡಿಮೆ 2 ಕೋಟಿ 68 ಲಕ್ಷ ಸುದ್ದಿ. ಒಂದೊಂದಕ್ಕೆ 50 ಬೈಟ್ ಎಂದು ಹಿಡಿದರೂ ಪ್ರತಿ ಆಟಗಾರನ ಮನೆಗೆ ಸೆಕೆಂಡಿಗೆ 9 ಮೆಗಾಬಿಟ್‌ಗೂ ಮಿಕ್ಕ ಮಾಹಿತಿ ಹರಿಯಬೇಕು. ಇವತ್ತಿನ ಫೈಬರ್ ಸಂಪರ್ಕ ಅದನ್ನು ಹೊತ್ತೀತು. ಆದರೆ ಅಷ್ಟನ್ನೂ ಹೆಣೆದು ಕಳಿಸಬೇಕಾದ ಸರ್ವರ್ ಅಷ್ಟರಲ್ಲಿ ಏದುಸಿರು ಬಿಡುತ್ತಿರುತ್ತದೆ. ಜನಸಂಖ್ಯೆ ಏರಿದಂತೆ ಕೆಲಸ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ ಎಂಬುದೇ ಇಲ್ಲಿನ ಮೊದಲ ತೊಡಕು.

ಎರಡನೆಯ ತೊಡಕು ಬೆಳಕಿನದು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನಿರ್ವಾತದಲ್ಲಿನ ವೇಗದ ಮೂರನೇ ಎರಡು ಪಾಲು. ಬೆಂಗಳೂರಿನಿಂದ ಟೋಕಿಯೋ ನೇರ ಗೆರೆಯಲ್ಲಿ ಆರೂವರೆ ಸಾವಿರ ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಹೋಗಿ ಬರಲು ಕನಿಷ್ಠ 65 ಮಿಲಿಸೆಕೆಂಡ್ ಬೇಕೇ ಬೇಕು. ಯಾವ ಕಂಪನಿ ಎಷ್ಟು ದುಡ್ಡು ಸುರಿದರೂ ಇದರಲ್ಲಿ ರಿಯಾಯಿತಿ ಇಲ್ಲ. ಕೇಬಲ್ಲು ಸಮುದ್ರದಡಿ ಬಳಸಿಕೊಂಡು ಹೋಗುತ್ತದೆ, ನಡುವೆ ಹತ್ತಾರು ರೂಟರುಗಳು ಕೂತಿವೆ. ಹಾಗಾಗಿ ಆಟಗಾರರು ಪಿಂಗ್ ಎಂದು ಕರೆಯುವ ಈ ಹೋಗಿಬರುವ ಸಮಯ ಕಾಗದದ ಲೆಕ್ಕಕ್ಕಿಂತ ಯಾವಾಗಲೂ ಹೆಚ್ಚು.

ಈ ಪಿಂಗ್ ಏನು ಮಾಡುತ್ತದೆಂದು ಕಾಣಲು ಒಂದೇ ಒಂದು ಗುಂಡಿನ ಹಿಂದೆ ಹೋಗೋಣ. ಸರ್ವರ್ ಟೋಕಿಯೋದಲ್ಲಿದೆ. ಬೆಂಗಳೂರಿನ ಆಟಗಾರ್ತಿಯ ಪಿಂಗ್ 140, ಒಸಾಕಾದ ಎದುರಾಳಿಯ ಪಿಂಗ್ 20 ಎಂದಿಟ್ಟುಕೊಳ್ಳಿ. ಎದುರಾಳಿ ಬಯಲಲ್ಲಿ ಓಡಿ ಗೋಡೆಯ ಮರೆಗೆ ಸರಿಯುತ್ತಾನೆ. ಅವನ ಪರದೆಯ ಮೇಲೆ ಅವನು ಮರೆಯಾದ ಕ್ಷಣವನ್ನು ಸೊನ್ನೆ ಎನ್ನೋಣ. ಆ ಸುದ್ದಿ ಸರ್ವರ್ ಮುಟ್ಟಲು 10 ಮಿಲಿಸೆಕೆಂಡ್, ಅಲ್ಲಿಂದ ಬೆಂಗಳೂರಿಗೆ 70. ಬಂದ ಸುದ್ದಿಯನ್ನು ಆಕೆಯ ಕಂಪ್ಯೂಟರ್ ತಕ್ಷಣ ತೋರಿಸುವುದಿಲ್ಲ. ಒಂದೆರಡು ಸುದ್ದಿ ಕೂಡಿಟ್ಟುಕೊಂಡು ಅವುಗಳ ನಡುವಿನ ಚಲನೆಯನ್ನು ನಯವಾಗಿ ಬಿಡಿಸುತ್ತದೆ. ಇಲ್ಲದಿದ್ದರೆ ಎದುರಾಳಿ ಓಡುವ ಬದಲು ಅಲ್ಲಿಂದಿಲ್ಲಿಗೆ ಜಿಗಿದಂತೆ ಕಾಣುತ್ತಾನೆ. ಈ ನಯಗೊಳಿಸುವಿಕೆಗೆ ಇನ್ನೊಂದು 100. ಅಂದರೆ ಅವನು ಗೋಡೆಯ ಹಿಂದೆ ಸೇರಿ 180 ಮಿಲಿಸೆಕೆಂಡ್ ಆಗುವ ತನಕ ಆಕೆಯ ಪರದೆಯಲ್ಲಿ ಅವನು ಬಯಲಲ್ಲೇ ಇದ್ದಾನೆ. ಆ ಕೊನೆಯ ಕ್ಷಣದಲ್ಲಿ ಆಕೆ ಗುರಿಯಿಟ್ಟು ಹೊಡೆಯುತ್ತಾಳೆ. ಪರದೆಯ ಮೇಲೆ ಗುಂಡು ನೆಟ್ಟಗೆ ತಗಲುತ್ತದೆ. ಆ ಸುದ್ದಿ ಟೋಕಿಯೋ ಹಾದು ಒಸಾಕಾ ಮುಟ್ಟಲು ಮತ್ತೆ 80. ಒಟ್ಟು 260 ಮಿಲಿಸೆಕೆಂಡ್. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡುತ್ತಿದ್ದವನು ಅಷ್ಟರಲ್ಲಿ ಗೋಡೆಯ ಹಿಂದೆ ಒಂದೂವರೆ ಮೀಟರ್ ಒಳಗೆ ಹೋಗಿ ನಿಟ್ಟುಸಿರು ಬಿಟ್ಟಿರುತ್ತಾನೆ. ಅಲ್ಲಿ ಸಾಯುತ್ತಾನೆ. ಗೋಡೆ ತೂರಿ ಗುಂಡು ಬಂತೆಂದು ಬೈಯುತ್ತಾನೆ.

ಇಬ್ಬರಲ್ಲಿ ಯಾರದು ಸರಿ? ಇಬ್ಬರದೂ. ಇಬ್ಬರಿಗೂ ಒಪ್ಪುವ ಒಂದೇ ‘ಈಗ’ ಆ ಆಟದಲ್ಲಿಲ್ಲ. ಯಾರ ‘ಈಗ’ವನ್ನು ಮಾನ್ಯ ಮಾಡಬೇಕೆಂದು ಆಟ ಕಟ್ಟುವವರು ತೀರ್ಮಾನಿಸಬೇಕು, ಅಷ್ಟೇ.

ಈ ತೀರ್ಮಾನದ ಇತಿಹಾಸ ಚಿಕ್ಕದು. 1996ರಲ್ಲಿ ‘ಕ್ವೇಕ್’ ಆಟ ಬಂದಾಗ ಎಲ್ಲವನ್ನೂ ಸರ್ವರ್ರೇ ನಿರ್ಧರಿಸುತ್ತಿತ್ತು. ಫೋನ್ ಲೈನಿನ ಮೋಡೆಮ್‌ನಲ್ಲಿ ಆಡುವವರಿಗೆ ಕೀ ಒತ್ತಿದ ಎಷ್ಟೋ ಹೊತ್ತಿಗೆ ಕಾಲು ಏಳುತ್ತಿತ್ತು. ಅದೇ ವರ್ಷದ ಕೊನೆಗೆ ಅದರ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ‘ಕ್ವೇಕ್‌ವರ್ಲ್ಡ್’ ತಂದರು. ಅದರಲ್ಲಿ ಆಟಗಾರನ ಕಂಪ್ಯೂಟರ್ ಸರ್ವರಿನ ಅಪ್ಪಣೆಗೆ ಕಾಯದೆ ಅವನ ಹೆಜ್ಜೆಯನ್ನು ತಾನೇ ಮುಂಚಿತವಾಗಿ ಊಹಿಸಿ ಇಡುತ್ತಿತ್ತು. ಊಹೆ ತಪ್ಪಿದರೆ ಆಮೇಲೆ ತಿದ್ದಿಕೊಳ್ಳುತ್ತಿತ್ತು. ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ಬರೆದ ಪ್ರಬಂಧ ಮುಂದಿನ ಹೆಜ್ಜೆಯನ್ನು ವಿವರಿಸಿತು. ಗುಂಡಿನ ಸುದ್ದಿ ಬಂದಾಗ ಸರ್ವರ್ ಲೋಕವನ್ನು ಅಷ್ಟು ಮಿಲಿಸೆಕೆಂಡ್ ಹಿಂದಕ್ಕೆ ತಿರುಗಿಸಿ, ಹೊಡೆದವನಿಗೆ ಆಗ ಏನು ಕಂಡಿತ್ತೋ ಆ ಸ್ಥಿತಿಯಲ್ಲಿ ಗುಂಡು ತಗಲಿತೇ ಎಂದು ನೋಡುತ್ತದೆ. ‘ಕೌಂಟರ್-ಸ್ಟ್ರೈಕ್’ ಎಂಬ ಶೂಟರ್ ಆಟ ಆಡಿದವರೆಲ್ಲ ಗೊತ್ತಿಲ್ಲದೆಯೇ ಈ ಕಾಲಯಾನದ ಫಲಾನುಭವಿಗಳು.

ಹತ್ತು ಹದಿನೈದು ಜನರಿಗೆ ಸರ್ವರ್ ಹೀಗೆ ಕಾಲವನ್ನು ಹಿಂದಕ್ಕೆ ಉರುಳಿಸಬಲ್ಲದು. ನಿಮಿಷಕ್ಕೆ ಸಾವಿರಾರು ಗುಂಡು ಹಾರುವ ಪ್ಲಾನೆಟ್‌ಸೈಡಿನಲ್ಲಿ ಅದು ದುಬಾರಿ. ಹಾಗಾಗಿ ಅಲ್ಲಿ ಗುಂಡು ತಗಲಿತೋ ಇಲ್ಲವೋ ಎಂಬ ತೀರ್ಪನ್ನು ಹೊಡೆದವನ ಕಂಪ್ಯೂಟರಿಗೇ ಬಿಟ್ಟುಕೊಟ್ಟಿದ್ದಾರೆ. ‘ತಗಲಿತು’ ಎಂದು ಅದು ಹೇಳಿದರೆ ಸರ್ವರ್ ಬಹುತೇಕ ನಂಬುತ್ತದೆ. ಇದರ ವಿಚಿತ್ರ ಪರಿಣಾಮ ಒಂದಿದೆ: ಇಬ್ಬರು ಎದುರುಬದುರಾಗಿ ಹೊಡೆದಾಡಿ ಇಬ್ಬರೂ ಸಾಯುತ್ತಾರೆ, ಇಬ್ಬರ ಪರದೆಯಲ್ಲೂ ತಾವೇ ಮೊದಲು ಕೊಂದಂತೆ ಕಂಡಿರುತ್ತದೆ. ಹೊಡೆದವನ ಮಾತನ್ನು ನಂಬುವ ವ್ಯವಸ್ಥೆ ಮೋಸಗಾರರಿಗೂ ಬಾಗಿಲು ತೆರೆಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಜನಜಂಗುಳಿ ಬೇಕೆಂದರೆ ಸ್ವಲ್ಪ ನ್ಯಾಯ ಬಿಟ್ಟುಕೊಡಬೇಕು. ಈ ವ್ಯಾಪಾರ ತಪ್ಪೆಂದು ನನಗನ್ನಿಸುವುದಿಲ್ಲ.

ಸುದ್ದಿಯ ಪ್ರವಾಹಕ್ಕೆ ಕಟ್ಟೆ ಕಟ್ಟುವ ವಿದ್ಯೆ ಆಟದವರಿಗಿಂತ ಮೊದಲು ಸೈನ್ಯದವರಿಗೆ ಬಂತು. 1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ ‘ಸಿಮ್‌ನೆಟ್’ ಎಂಬ ಜಾಲ ಕಟ್ಟಿತು. ಬೇರೆ ಬೇರೆ ನೆಲೆಗಳ ಟ್ಯಾಂಕ್ ಸಿಮ್ಯುಲೇಟರುಗಳಲ್ಲಿ ಕುಳಿತ ಸೈನಿಕರು ಒಂದೇ ಕಾಲ್ಪನಿಕ ಬಯಲಲ್ಲಿ ಯುದ್ಧಾಭ್ಯಾಸ ಮಾಡುವ ವ್ಯವಸ್ಥೆ ಅದು. ಅಲ್ಲಿನ ಉಪಾಯ ನಾವಿಕರಿಂದ ಎರವಲು ತಂದದ್ದು. ದಡ ಕಾಣದ ಕಡಲಲ್ಲಿ ಹಡಗಿನವರು ವೇಗ, ದಿಕ್ಕು, ಕಳೆದ ಸಮಯ ಹಿಡಿದು ತಾವೆಲ್ಲಿದ್ದೇವೆಂದು ಅಂದಾಜು ಕಟ್ಟುತ್ತಿದ್ದರಲ್ಲ, ಹಾಗೆಯೇ ಪ್ರತಿ ಸಿಮ್ಯುಲೇಟರ್ ಉಳಿದ ಟ್ಯಾಂಕುಗಳ ಅಂದಾಜನ್ನು ತಾನೇ ನಡೆಸಿಕೊಂಡು ಹೋಗುತ್ತದೆ. ಟ್ಯಾಂಕ್ ನೆಟ್ಟಗೆ ಹೋಗುತ್ತಿರುವಷ್ಟು ಹೊತ್ತು ಅದು ಮೌನಿ. ಅಂದಾಜಿಗೂ ನಿಜಕ್ಕೂ ಅಂತರ ಒಂದು ಮಿತಿ ಮೀರಿದಾಗ ಮಾತ್ರ ಸುದ್ದಿ ಹೊರಡುತ್ತದೆ. ಟನ್‌ಗಟ್ಟಲೆ ತೂಕದ ಟ್ಯಾಂಕಿಗೆ ಇದು ಹೇಳಿ ಮಾಡಿಸಿದ ಉಪಾಯ. ಅರ್ಧ ಸೆಕೆಂಡಿಗೊಮ್ಮೆ ಎಡಕ್ಕೆ ಬಲಕ್ಕೆ ಕುಪ್ಪಳಿಸುವ ಆಟದ ಕಾಲಾಳಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಕಾಲಾಳಿಗೆ ಒಗ್ಗುವ ಉಪಾಯ ಬೇರೆ ಕಡೆಯಿಂದ ಬಂತು, ಮನುಷ್ಯನ ಗಮನದ ಮಿತಿಯಿಂದ. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ‘ಡಾನಿಬ್ರೂಕ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ನೂರಾರು ಜನರ ಗದ್ದಲದಲ್ಲೂ ಆಟಗಾರ ಒಂದು ಹೊತ್ತಿಗೆ ನಿಗಾ ಇಡುವುದು ಬೆರಳೆಣಿಕೆಯ ಮಂದಿಯ ಮೇಲೆ ಎಂಬುದು ಅದರ ಅಡಿಪಾಯ. ಯಾರ ಮೇಲೆ? ಹತ್ತಿರ ಇರುವವರ ಮೇಲೆ, ಬಂದೂಕಿನ ನೇರಕ್ಕೆ ಇರುವವರ ಮೇಲೆ, ಈಗಷ್ಟೇ ತನಗೆ ಹೊಡೆದವರ ಮೇಲೆ. ಆ ಕೆಲವರ ಬಗ್ಗೆ ಮಾತ್ರ ಕ್ಷಣಕ್ಷಣದ ನಿಖರ ಸುದ್ದಿ ಕಳಿಸು. ಉಳಿದವರ ಜಾಗದಲ್ಲಿ ಆಟಗಾರನ ಕಂಪ್ಯೂಟರ್ರೇ ನಡೆಸುವ ಸೋಗಿನ ಗೊಂಬೆಗಳನ್ನು ಓಡಾಡಿಸು, ಆಗೊಮ್ಮೆ ಈಗೊಮ್ಮೆ ಅವನ್ನು ನಿಜದ ಜಾಗಕ್ಕೆ ತಂದು ನಿಲ್ಲಿಸು. ಕ್ವೇಕ್ ಸರಣಿಯ ಆಟವೊಂದನ್ನು ಹೀಗೆ ತಿದ್ದಿ 900 ಆಟಗಾರರ ಮಟ್ಟಕ್ಕೆ ಒಯ್ದು ತೋರಿಸಿದರು. ನೀವು ನೋಡುತ್ತಿರುವ ಜಂಗುಳಿಯಲ್ಲಿ ಮುಕ್ಕಾಲು ಪಾಲು ಸೋಗು, ಆದರೆ ನೀವು ತಿರುಗಿ ನೋಡಿದ ಕೂಡಲೇ ಅದು ನಿಜವಾಗುತ್ತದೆ ಎಂಬ ವಿಚಾರ ವೇದಾಂತಿಗಳಿಗೂ ರುಚಿಸೀತು.

ಪ್ಲಾನೆಟ್‌ಸೈಡಿನ ಉಪಾಯ ಅಷ್ಟು ನಾಜೂಕಲ್ಲ. ಜನ ಹೆಚ್ಚಾದಂತೆ ಆಟ ದೂರದವರನ್ನು ತೋರಿಸುವುದನ್ನೇ ನಿಲ್ಲಿಸುತ್ತದೆ. ಖಾಲಿ ಬಯಲಲ್ಲಿ ಮುನ್ನೂರು ಮೀಟರ್ ಆಚೆ ಕಾಣುತ್ತಿದ್ದ ಸೈನಿಕ ಭಾರೀ ಕದನದ ನಡುವೆ ಹತ್ತಿರ ಬರುವ ತನಕ ಕಾಣುವುದಿಲ್ಲ. ಆರಂಭದ ದಿನಗಳಲ್ಲಿ ಟ್ಯಾಂಕ್ ಓಡಿಸುವವರಿಗೂ ವಿಮಾನದವರಿಗೂ ಇದೇ ದೊಡ್ಡ ಗೋಳು: ನೆಲ ಖಾಲಿ, ಅದೇ ಖಾಲಿ ನೆಲದಿಂದ ರಾಕೆಟ್ ಬಂದು ಬಡಿಯುತ್ತದೆ.

ಇಷ್ಟು ಹೊತ್ತು ತಂತಿಯ ಗಣಿತ ಆಯಿತು. ಆಟದೊಳಗಿನ ಯುದ್ಧಕ್ಕೂ ಒಂದು ಗಣಿತವಿದೆ, ಅಲ್ಲೂ ವರ್ಗವೇ ಯಜಮಾನ.

ಫ್ರೆಡರಿಕ್ ಲ್ಯಾಂಚೆಸ್ಟರ್ ಇಂಗ್ಲೆಂಡಿನ ಮೊದಮೊದಲ ಕಾರುಗಳನ್ನು ಕಟ್ಟಿದ ಎಂಜಿನಿಯರ್, ವಿಮಾನ ವಿಜ್ಞಾನದಲ್ಲೂ ಕೈಯಾಡಿಸಿದವರು. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಅವರು ಯುದ್ಧದಲ್ಲಿ ವಿಮಾನದ ಪಾತ್ರ ಕುರಿತು ಲೇಖನಗಳನ್ನು ಬರೆದರು. 1916ರಲ್ಲಿ ಅವು ಪುಸ್ತಕವಾದವು. ಅದರೊಳಗೆ ಒಂದು ಸರಳ ಸಮೀಕರಣವಿತ್ತು. ಹಳೆಯ ಕತ್ತಿಕಾಳಗದಲ್ಲಿ ಒಬ್ಬನಿಗೆ ಒಬ್ಬ. ನಿಮ್ಮ ಬಳಿ ಸಾವಿರ ಜನರಿದ್ದರೂ ಮುಂದಿನ ಸಾಲಿನವನು ಎದುರು ನಿಂತವನೊಡನೆ ಮಾತ್ರ ಹೋರಾಡುತ್ತಾನೆ. ಬಂದೂಕು ಬಂದಾಗ ಲೆಕ್ಕ ಬದಲಾಯಿತು: ಒಂದು ಪಡೆಯ ಎಲ್ಲರೂ ಇನ್ನೊಂದು ಪಡೆಯ ಯಾರ ಮೇಲಾದರೂ ಗುರಿಯಿಡಬಹುದು. ಇಮ್ಮಡಿ ಜನರಿರುವ ಪಡೆಗೆ ಆಗ ಎರಡು ಲಾಭ ಒಟ್ಟಿಗೆ ಸಿಗುತ್ತವೆ. ಅದು ಇಮ್ಮಡಿ ಗುಂಡು ಹಾರಿಸುತ್ತದೆ. ಅದರತ್ತ ಬರುವ ಗುಂಡು ಇಮ್ಮಡಿ ಜನರ ನಡುವೆ ಹಂಚಿಹೋಗುತ್ತದೆ. ಎರಡು ಎರಡಲೆ ನಾಲ್ಕು. ಪಡೆಯ ಬಲ ಅದರ ಸಂಖ್ಯೆಯಲ್ಲ, ಸಂಖ್ಯೆಯ ವರ್ಗ. ರಷ್ಯಾದಲ್ಲಿ ಒಸಿಪೊವ್ ಎಂಬವರು 1915ರಲ್ಲಿ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು.

ಕೈಚಳಕದಲ್ಲಿ ಸಮಾನರಾದ ನೂರು ಜನ ಎಂಬತ್ತು ಜನರನ್ನು ಬಯಲಲ್ಲಿ ಎದುರಿಸಿ ಕೊನೆಯವನ ತನಕ ಹೋರಾಡಿದರೆ ಎಷ್ಟು ಜನ ಉಳಿಯುತ್ತಾರೆ? ನೂರರಲ್ಲಿ ಎಂಬತ್ತು ಕಳೆದರೆ ಇಪ್ಪತ್ತು ಎನ್ನುತ್ತದೆ ಸಾಮಾನ್ಯ ಬುದ್ಧಿ. ಲ್ಯಾಂಚೆಸ್ಟರ್ ಲೆಕ್ಕದಲ್ಲಿ ನೂರರ ವರ್ಗ ಹತ್ತು ಸಾವಿರ, ಎಂಬತ್ತರ ವರ್ಗ 6,400. ಉಳಿದದ್ದು 3,600, ಅದರ ವರ್ಗಮೂಲ ಅರವತ್ತು. ನಲವತ್ತು ಜನರನ್ನು ಕಳೆದುಕೊಂಡು ಎಂಬತ್ತು ಜನರನ್ನು ಅಳಿಸಿಹಾಕುತ್ತಾರೆ. ಅದೇ ಎಂಬತ್ತು ಜನ ತಿಳಿಗೇಡಿತನದಿಂದ ನಲವತ್ತು ನಲವತ್ತಾಗಿ ಒಂದರ ಹಿಂದೊಂದು ಬಂದರೆ ನೂರರ ಪಡೆಯಲ್ಲಿ ಎಂಬತ್ತೆರಡು ಜನ ಬದುಕುಳಿಯುತ್ತಾರೆ. ಬಂದ ಶತ್ರು ಎರಡು ಸಲವೂ ಸೇರಿ ಎಂಬತ್ತೇ, ಆದರೂ ನಷ್ಟ ನಲವತ್ತರಿಂದ ಹದಿನೆಂಟಕ್ಕೆ ಇಳಿಯಿತು. ಟ್ರಫಾಲ್ಗರ್ ಸಮುದ್ರಕಾಳಗದಲ್ಲಿ ನೆಲ್ಸನ್ ಶತ್ರು ನೌಕಾಪಡೆಯ ಸಾಲನ್ನು ತುಂಡರಿಸಿದ್ದನ್ನು ಲ್ಯಾಂಚೆಸ್ಟರ್ ಇದೇ ಕಣ್ಣಿಂದ ಓದಿದರು. 1954ರಲ್ಲಿ ಎಂಗಲ್ ಎಂಬ ಸಂಶೋಧಕರು ಎರಡನೇ ಮಹಾಯುದ್ಧದ ಇವೋ ಜಿಮಾ ಕದನದ ದಿನವಹಿ ಲೆಕ್ಕಗಳನ್ನು ಈ ಸಮೀಕರಣಕ್ಕೆ ಒಡ್ಡಿದಾಗ ಹೊಂದಾಣಿಕೆ ಚೆನ್ನಾಗಿಯೇ ಕಂಡಿತು. ಎಲ್ಲ ಯುದ್ಧಗಳೂ ಇಷ್ಟು ವಿಧೇಯವಲ್ಲ.

ಪ್ಲಾನೆಟ್‌ಸೈಡ್ ಆಡುವವರು ಲ್ಯಾಂಚೆಸ್ಟರ್ ಹೆಸರು ಕೇಳಿರಲಿಕ್ಕಿಲ್ಲ, ಆದರೆ ನಿಯಮ ಅವರ ಮೈಗೆ ಹತ್ತಿರುತ್ತದೆ. ನೂರಾರು ಜನ ಒಂದೇ ಮುದ್ದೆಯಾಗಿ ಒಂದಾದ ಮೇಲೊಂದು ನೆಲೆಯನ್ನು ನುಂಗುತ್ತ ಹೋಗುವುದಕ್ಕೆ ಅವರ ಬಾಯಲ್ಲಿ ‘ಝರ್ಗ್’ ಎಂದು ಹೆಸರು. ಸ್ಟಾರ್‌ಕ್ರಾಫ್ಟ್ ಆಟದ ಹುಳುಜಾತಿಯಿಂದ ಬಂದದ್ದು. ಹೇಳುವಾಗ ತಿರಸ್ಕಾರವಿರುತ್ತದೆ, ಆದರೆ ಸೇರುವಾಗ ಯಾರೂ ಹಿಂದೆ ಮುಂದೆ ನೋಡುವುದಿಲ್ಲ. ಯಾಕೆಂದರೆ ಅರ್ಧ ಸಂಖ್ಯೆಯ ಪಡೆ ಸರಿಸಮ ನಿಲ್ಲಬೇಕಾದರೆ ಅದರ ಪ್ರತಿ ಸೈನಿಕನೂ ನಾಲ್ಕು ಪಟ್ಟು ನಿಪುಣನಾಗಿರಬೇಕು. ಅಂಥ ನಿಪುಣರು ಎಲ್ಲೋ ಒಬ್ಬಿಬ್ಬರು.

ವರ್ಗದ ನಿಯಮಕ್ಕೆ ಬೀಗ ಹಾಕುವ ಜಾಗಗಳೂ ಇವೆ. ಆ ಆಟದಲ್ಲಿ ‘ಬಯೋಲ್ಯಾಬ್’ ಎಂಬ ನೆಲೆಯಿದೆ: ಎತ್ತರದ ಕಟ್ಟೆಯ ಮೇಲೆ ಗುಮ್ಮಟ ಮುಚ್ಚಿದ ಕಟ್ಟಡ. ಒಳಗೆ ನುಗ್ಗಲು ಕೆಲವೇ ಇಕ್ಕಟ್ಟಾದ ದಾರಿಗಳು. ಹೊರಗೆ ನೂರು ಜನರಿದ್ದರೂ ಬಾಗಿಲಲ್ಲಿ ಒಮ್ಮೆಗೆ ತೂರುವವರು ನಾಲ್ಕೈದು ಮಂದಿ. ಅಲ್ಲಿ ಬಯಲಿನ ಲೆಕ್ಕ ಸತ್ತು ಕತ್ತಿಕಾಳಗದ ಲೆಕ್ಕ ಜೀವ ಪಡೆಯುತ್ತದೆ, ನೂರರಲ್ಲಿ ಎಂಬತ್ತು ಹೋದರೆ ಇಪ್ಪತ್ತು. ಒಳಗಿನವರು ಬಾಗಿಲಿಗೆ ಎದುರಾಗಿ ಅರ್ಧಚಂದ್ರದಂತೆ ನಿಂತರಂತೂ ಲೆಕ್ಕ ತಿರುಗುಮುರುಗು: ಹೊರಗಿನ ಸಂಖ್ಯೆಗೆ ಬೆಲೆಯಿಲ್ಲ, ಬಾಗಿಲು ದಾಟಿದ ನಾಲ್ವರ ಮೇಲೆ ಒಳಗಿನ ಮೂವತ್ತು ಜನರ ಗುಂಡು. ಚಿತ್ರದುರ್ಗದ ಕಿಂಡಿಯ ಬಳಿ ನಿಂತ ಓಬವ್ವನ ಕಥೆ ಗೊತ್ತಿರುವ ನಮಗೆ ಇದನ್ನು ಸಮೀಕರಣ ಹಾಕಿ ತಿಳಿಸಬೇಕಿಲ್ಲ. ಬಯೋಲ್ಯಾಬಿನ ಕಾದಾಟಗಳು ಗಂಟೆಗಟ್ಟಲೆ ಎಳೆದಾಡುವುದು ಇದೇ ಕಾರಣಕ್ಕೆ. ಕೆಲವರಿಗೆ ಅದು ಬೇಸರ, ಕೆಲವರು ಅದಕ್ಕೆಂದೇ ಲಾಗಿನ್ ಆಗುತ್ತಾರೆ.

ಇದು ಬರೀ ಆಟದ ಮಾತಲ್ಲ ಎಂಬುದಕ್ಕೆ ಇರುವೆಗಳ ಸಾಕ್ಷಿ ಇದೆ. ಆಸ್ಟ್ರೇಲಿಯಾದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗವನ್ನು ಮಾಡಿದ್ದು ‘ಏಜ್ ಆಫ್ ಎಂಪೈರ್ಸ್ 2’ ಎಂಬ ಹಳೆಯ ಕಂಪ್ಯೂಟರ್ ಆಟದಲ್ಲಿ. ಬಲಿಷ್ಠರಾದ ಕೆಲವೇ ಸೈನಿಕರನ್ನು ದುರ್ಬಲರ ದೊಡ್ಡ ಹಿಂಡಿನ ಎದುರು ಬಿಟ್ಟು, ಒಮ್ಮೆ ಬೋಳು ಬಯಲಲ್ಲಿ, ಒಮ್ಮೆ ಅಡೆತಡೆಗಳ ನಡುವೆ ಕಾದಾಡಿಸಿದರು. ಬಯಲಲ್ಲಿ ಹಿಂಡಿನ ಕೈ ಮೇಲಾಯಿತು, ಇಕ್ಕಟ್ಟಿನಲ್ಲಿ ಬಲಿಷ್ಠರದು. ಆಮೇಲೆ ಜೀವಂತ ಇರುವೆಗಳಲ್ಲಿ ಪರೀಕ್ಷೆ. ಆಸ್ಟ್ರೇಲಿಯಾದ ದೊಡ್ಡ ಮೀಟ್ ಇರುವೆ ಒಂದು ಕಡೆ. ಹೊರಗಿನಿಂದ ಬಂದು ಹಬ್ಬಿರುವ, ಗಾತ್ರದಲ್ಲಿ ಸಣ್ಣ ಆದರೆ ಸಂಖ್ಯೆಯಲ್ಲಿ ಅಪಾರವಾದ ಅರ್ಜೆಂಟೀನಾ ಇರುವೆ ಇನ್ನೊಂದು ಕಡೆ. ತೆರೆದ ಕಣಕ್ಕಿಂತ ಮರದ ಪಟ್ಟಿಗಳಿಂದ ಕಿರಿದಾಗಿಸಿದ ಕಣದಲ್ಲಿ ದೊಡ್ಡ ಇರುವೆಗಳು ಕಡಿಮೆ ಸತ್ತವು. ಮನುಷ್ಯರು ಕಾಡು ಕಡಿದು, ನೆಲ ಸಮತಟ್ಟು ಮಾಡಿ, ಕಾಂಕ್ರೀಟ್ ಹಾಸಿದಾಗ ಪರದೇಶಿ ಇರುವೆಗಳ ಝರ್ಗಿಗೆ ನಾವೇ ಬಯಲು ಒದಗಿಸುತ್ತಿದ್ದೇವೇನೋ ಎಂಬ ಅನುಮಾನವನ್ನು ಈ ಅಧ್ಯಯನ ಎತ್ತುತ್ತದೆ.

ಈಗ ಎರಡೂ ವರ್ಗಗಳನ್ನು ಒಟ್ಟಿಗೆ ನೋಡಿ. ಗೆಲ್ಲಬೇಕಾದರೆ ಎಲ್ಲರೂ ಒಂದೇ ಕಡೆ ಸೇರಬೇಕೆಂದು ಲ್ಯಾಂಚೆಸ್ಟರ್ ನಿಯಮ ಆಟಗಾರರನ್ನು ತಳ್ಳುತ್ತದೆ. ಎಲ್ಲರೂ ಒಂದೇ ಕಡೆ ಸೇರುವುದೇ ಸರ್ವರಿಗೆ ಬರಬಹುದಾದ ಅತಿ ಕೆಟ್ಟ ಗತಿ. ಸಾವಿರ ಜನ ಇಡೀ ಖಂಡದಲ್ಲಿ ಐವತ್ತೈವತ್ತರ ಇಪ್ಪತ್ತು ಗುಂಪುಗಳಾಗಿ ಹರಡಿಕೊಂಡಿದ್ದರೆ ಒಂದು ಸುತ್ತಿಗೆ 49,000 ಸುದ್ದಿ ಸಾಕು. ಒಂದೇ ಕೋಟೆಗೆ ಮುತ್ತಿಗೆ ಹಾಕಿದರೆ 9,99,000. ಜಾಣತನದಿಂದ ಆಡಿದಷ್ಟೂ ಆಟ ಕುಂಟುತ್ತದೆ. ದೊಡ್ಡ ಪ್ರಮಾಣದ ಆಟ ಕಟ್ಟಿದವರೆಲ್ಲ ಸೆಣಸಿದ್ದು ಮುಖ್ಯವಾಗಿ ಈ ಗಂಟಿನೊಡನೆ ಎಂದು ನನ್ನ ತಿಳಿವಳಿಕೆ.

2010ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂದ ‘ಮ್ಯಾಗ್’ 256 ಜನರನ್ನು ಎದುರುಬದುರು ನಿಲ್ಲಿಸಿತು. ಎಂಟು ಜನರ ಸ್ಕ್ವಾಡ್, ನಾಲ್ಕು ಸ್ಕ್ವಾಡಿನ ಪ್ಲಟೂನ್, ಪ್ರತಿ ಪ್ಲಟೂನಿಗೂ ನಕ್ಷೆಯ ಒಂದೊಂದು ಮೂಲೆ. ಹೆಸರಿಗೆ 256, ಬಹಳಷ್ಟು ಹೊತ್ತು ನಿಮ್ಮ ಸುತ್ತ ನಡೆಯುತ್ತಿದ್ದುದು 32 ಜನರ ಎದುರು 32 ಜನರ ಕಾಳಗ. ಬಾಹ್ಯಾಕಾಶದ ‘ಈವ್ ಆನ್‌ಲೈನ್’ ಇನ್ನೂ ಸಾಹಸದ ದಾರಿ ಹಿಡಿಯಿತು. ಅದು ಶೂಟರ್ ಅಲ್ಲ. ಹಡಗುಗಳಿಗೆ ಆಜ್ಞೆ ಕೊಡುವ ಆಟ. ಜನ ಮಿತಿಮೀರಿ ಸೇರಿದಾಗ ಅಲ್ಲಿ ಕಾಲವನ್ನೇ ನಿಧಾನಿಸುತ್ತಾರೆ, ಬೇಕಾದರೆ ಹತ್ತನೇ ಒಂದು ವೇಗಕ್ಕೆ. 2014ರ ಜನವರಿ 27-28ರಂದು ಅಲ್ಲಿ ಸಾವಿರಾರು ಜನ ಪಾಲ್ಗೊಂಡ ಮಹಾಯುದ್ಧ 21 ಗಂಟೆ ಎಳೆಯಿತು. ಶೂಟರ್ ಆಟಕ್ಕೆ ಈ ಔಷಧ ಹೊಂದುವುದಿಲ್ಲ. ಟ್ರಿಗರ್ ಒತ್ತಿದ ಎರಡು ಸೆಕೆಂಡಿಗೆ ಗುಂಡು ಹೊರಟರೆ ಅಲ್ಲಿಗೆ ಆಟ ಮುಗಿಯಿತು. ಪ್ಲಾನೆಟ್‌ಸೈಡ್ 2013ರಲ್ಲಿ ನೆಲೆನೆಲೆಗಳ ನಡುವೆ ದಾರಿಗಳ ಜಾಲರಿ ಹಾಕಿತು: ನಿಮ್ಮ ನೆಲೆಗೆ ಕೊಂಡಿಯಿರುವ ನೆಲೆಯನ್ನಷ್ಟೇ ನೀವು ಗೆಲ್ಲಬಹುದು. ತಮಾಷೆಯೆಂದರೆ ಇದು ಜನರನ್ನು ಚದುರಿಸುವುದಕ್ಕಿಂತ ಹೆಚ್ಚಾಗಿ ಗೊತ್ತಾದ ದಾರಿಗಳಿಗೆ ತಂದು ಸೇರಿಸಿತು. ಎಲ್ಲಿ ಕಾಳಗ ನಡೆದೀತೆಂದು ಎಲ್ಲರಿಗೂ ಮೊದಲೇ ಗೊತ್ತು. ಸರ್ವರಿಗೆ ಕಷ್ಟ, ಆಟಗಾರರಿಗೆ ಹಬ್ಬ. ಕಟ್ಟಿದವರು ಹಬ್ಬದ ಪಕ್ಷ ವಹಿಸಿದರು.

ಸರ್ವರುಗಳು ಸುಧಾರಿಸಿವೆಯಲ್ಲ, ಇನ್ನು ಎರಡು ಸಾವಿರ, ಐದು ಸಾವಿರ ಎಂದು ಏರುತ್ತಲೇ ಹೋಗಬಹುದಲ್ಲ ಎಂದರೆ, ಹಾಗಾಗಲಿಲ್ಲ. 2021ರ ನವೆಂಬರಿನಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 2042’ ಎಂಬ ಶೂಟರ್ ಆಟ ತನ್ನ ಸರಣಿಯ ಬಹುಕಾಲದ ಮಿತಿಯಾದ 64ನ್ನು 128ಕ್ಕೆ ಏರಿಸಿ ಅದನ್ನೇ ಡಂಗುರ ಹೊಡೆಯಿತು. ಮರುವರ್ಷವೇ ‘ಬ್ರೇಕ್‌ಥ್ರೂ’ ಬಗೆಯ ಪಂದ್ಯವನ್ನು ಮತ್ತೆ 64ಕ್ಕೆ ಇಳಿಸಿದರು. 128 ಜನರಿದ್ದಾಗ ಗೊಂದಲ ಹೆಚ್ಚು, ಒಬ್ಬೊಬ್ಬರ ಆಟಕ್ಕೆ ಬೆಲೆ ಕಡಿಮೆ ಎಂಬುದು ಕಟ್ಟಿದವರೇ ಕೊಟ್ಟ ಕಾರಣದ ಸಾರ. 2025ರ ಅಕ್ಟೋಬರಿನಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 6’ ಕೂಡ 64ರಲ್ಲೇ ನಿಂತಿದೆ. ಲ್ಯಾಂಚೆಸ್ಟರ್ ಲೆಕ್ಕದಲ್ಲಿ ಇದು ಸಹಜ. ದೊಡ್ಡ ಪಡೆಯ ಬಲ ಬೆಳೆದಂತೆ ಅದರೊಳಗಿನ ಒಬ್ಬ ಸೈನಿಕನ ಪಾಲು ಕುಗ್ಗುತ್ತದೆ. ನೀವು ಇದ್ದರೂ ಒಂದೇ, ಕಾಫಿಗೆ ಎದ್ದು ಹೋದರೂ ಒಂದೇ ಎನ್ನಿಸಿದ ಮೇಲೆ ಯಾರು ಎಷ್ಟು ದಿನ ಆಡುತ್ತಾರೆ?

ಪ್ಲಾನೆಟ್‌ಸೈಡ್ ಈ ಪ್ರಶ್ನೆಗೆ ಕೊಟ್ಟ ಉತ್ತರ ಗುಂಡು ಹೊಡೆಯುವವರಲ್ಲಿಲ್ಲ. ಲ್ಯಾಂಚೆಸ್ಟರ್ ಸಮೀಕರಣದಲ್ಲಿ ಸತ್ತವರು ಸತ್ತರು; ಪ್ಲಾನೆಟ್‌ಸೈಡಿನಲ್ಲಿ ಅವರು ಮರಳಿ ಬರುತ್ತಾರೆ. ವೈದ್ಯ ಸೈನಿಕ ಬಿದ್ದವನನ್ನು ಅಲ್ಲೇ ಎಬ್ಬಿಸುತ್ತಾನೆ, ಇಲ್ಲವಾದರೆ ಹತ್ತಿರದ ಮರುಜನ್ಮದ ತಾಣದಿಂದ ಅವನು ಮತ್ತೆ ಹೊರಡುತ್ತಾನೆ. ಅಂದರೆ ಸಮೀಕರಣಕ್ಕೆ ಒಂದು ಕೂಡಿಸುವ ಚಿಹ್ನೆ ಸೇರಿತು. ನಿಮಿಷಕ್ಕೆ ಎಷ್ಟು ಜನ ಸಾಯುತ್ತಾರೆ ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ನಿಮಿಷಕ್ಕೆ ಎಷ್ಟು ಜನ ರಣರಂಗಕ್ಕೆ ಮರಳುತ್ತಾರೆ ಎಂಬುದು ಗೆಲುವನ್ನು ನಿರ್ಧರಿಸುತ್ತದೆ. ತಾಣ ಐವತ್ತು ಮೀಟರ್ ದೂರದಲ್ಲಿದ್ದರೆ ಹತ್ತು ಸೆಕೆಂಡಿನ ಓಟ, ಐನೂರು ಮೀಟರ್ ದೂರದಲ್ಲಿದ್ದರೆ ಒಂದೂವರೆ ನಿಮಿಷ. ಅಷ್ಟು ಹೊತ್ತು ಅವನು ಲೆಕ್ಕಕ್ಕಿಲ್ಲ. ದಾಳಿಯಿಡುವವರ ತಾಣ ಹೆಚ್ಚಾಗಿ ‘ಸಂಡರರ್’ ಎಂಬ ದಪ್ಪ ವಾಹನ. ಅದನ್ನು ಶತ್ರುವಿನ ಕಣ್ಣಿಗೆ ಬೀಳದ ಬಂಡೆಯ ಮರೆಗೆ, ಆದರೂ ಕೋಟೆಗೆ ಸಾಕಷ್ಟು ಹತ್ತಿರಕ್ಕೆ, ಯಾರಾದರೊಬ್ಬರು ಓಡಿಸಿ ತಂದು ನಿಲ್ಲಿಸಬೇಕು. ಅದು ಸ್ಫೋಟಗೊಂಡರೆ ನೂರು ಜನರ ದಾಳಿ ಎರಡು ನಿಮಿಷದಲ್ಲಿ ಬತ್ತಿಹೋಗುತ್ತದೆ. ಆದ್ದರಿಂದ ಅನುಭವಿ ಪಡೆಯವರು ಕೋಟೆ ಕಾಯುವುದನ್ನು ಬಿಟ್ಟು ಮೊದಲು ಸಂಡರರ್ ಹುಡುಕಿಕೊಂಡು ಹೊರಡುತ್ತಾರೆ. ತಂದು ನಿಲ್ಲಿಸಿದಾತ ಇಡೀ ಕದನದಲ್ಲಿ ಒಂದು ಗುಂಡನ್ನೂ ಹಾರಿಸದಿರಬಹುದು. ಅವನ ವಾಹನದಿಂದ ಎದ್ದು ಬರುವವರ ಲೆಕ್ಕಕ್ಕೆ ಅವನ ಪರದೆಯ ಮೂಲೆಯಲ್ಲಿ ಅಂಕ ಏರುತ್ತಲೇ ಇರುತ್ತದೆ.